ಸಕ್ಕರೆ ದ್ವೀಪದ ನೆಲ ಯಾರದು?

ಸಭೆಯಲ್ಲಿರುವ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಮಾರಿಷಸ್ ದೇಶದ ಸರ್ಕಾರಿ ರಜೆಗಳ ಪಟ್ಟಿಯಲ್ಲಿರುವ ಎರಡು ದಿನಗಳಿಂದ ನನ್ನ ಮಾತನ್ನು ಆರಂಭಿಸುತ್ತೇನೆ. ಫೆಬ್ರವರಿ 1 ಅಲ್ಲಿ ಗುಲಾಮಗಿರಿ ರದ್ದಾದ ದಿನ. ನವೆಂಬರ್ 2 ಭಾರತದಿಂದ ಕರಾರು ಕೂಲಿಗಳು ಬಂದಿಳಿದ ದಿನ. ಕ್ಯಾಲೆಂಡರಿನಲ್ಲಿ ಫೆಬ್ರವರಿ ಮೊದಲು ಬರುವುದರಿಂದ, ಗುಲಾಮರು ಬಿಡುಗಡೆಯಾದರು, ಆಮೇಲೆ ಅವರ ಜಾಗಕ್ಕೆ ಕೂಲಿಗಳು ಬಂದರು ಎಂಬ ಕ್ರಮ ನಮ್ಮ ಮನಸ್ಸಿನಲ್ಲಿ ತಾನಾಗಿ ಮೂಡುತ್ತದೆ. ಇಸವಿಗಳನ್ನು ಸೇರಿಸಿ ಓದಿದರೆ ಈ ಕ್ರಮ ತಲೆಕೆಳಗಾಗುತ್ತದೆ. ಕಲ್ಕತ್ತೆಯಿಂದ ಹೊರಟ 'ಅಟ್ಲಾಸ್' ಎಂಬ ಹಡಗು ಛೋಟಾ ನಾಗಪುರದ ಕಡೆಯ 36 ಜನ ಗುಡ್ಡಗಾಡಿನ ಕೂಲಿಗಳನ್ನು ಪೋರ್ಟ್ ಲೂಯಿಸ್ ಬಂದರಿನಲ್ಲಿ ಇಳಿಸಿದ್ದು 1834ರ ನವೆಂಬರ್ 2ರಂದು. ಗುಲಾಮಗಿರಿ ಕಾನೂನಿನ ಪ್ರಕಾರ ಕೊನೆಗೊಂಡದ್ದು 1835ರ ಫೆಬ್ರವರಿ 1ರಂದು. ಅಂದರೆ ಹಳೆಯ ಆಳಿನ ಲೆಕ್ಕ ಚುಕ್ತಾ ಆಗುವುದಕ್ಕೆ ಮೂರು ತಿಂಗಳು ಮೊದಲೇ ಹೊಸ ಆಳು ಅಂಗಳದಲ್ಲಿ ಬಂದು ನಿಂತಿದ್ದ.

ಆ ಲೆಕ್ಕ ಚುಕ್ತಾ ಆದಾಗ ಯಾರಿಗೆ ಏನು ಸಿಕ್ಕಿತು ಎಂಬುದೇ ನನ್ನ ಮಟ್ಟಿಗೆ ಮಾರಿಷಸ್ಸಿನ ಚರಿತ್ರೆಯ ಮುಖ್ಯ ಪ್ರಶ್ನೆ. ಆ ದೇಶದ ಬಗ್ಗೆ ನಮ್ಮಲ್ಲಿ ಚಲಾವಣೆಯಲ್ಲಿರುವ ಮಾತುಗಳು ಎರಡೇ: 'ಪುಟ್ಟ ಭಾರತ' ಎಂಬ ಅಭಿಮಾನದ ಮಾತು ಒಂದು, 'ಆಫ್ರಿಕದ ಆರ್ಥಿಕ ಪವಾಡ' ಎಂಬ ಹೊಗಳಿಕೆಯ ಮಾತು ಇನ್ನೊಂದು. ಎರಡೂ ಪೂರ್ತಿ ಸುಳ್ಳಲ್ಲ. ಆದರೆ ಎರಡೂ ಮಾತುಗಳು ನೆಲದ ಪ್ರಶ್ನೆಯನ್ನು ದಾಟಿಕೊಂಡು ಹೋಗುತ್ತವೆ.

ಮಡಗಾಸ್ಕರಿನ ಪೂರ್ವಕ್ಕೆ ಸುಮಾರು 800 ಕಿಲೋಮೀಟರ್ ದೂರದಲ್ಲಿರುವ ಈ ದ್ವೀಪದ ವಿಸ್ತೀರ್ಣ ನಮ್ಮ ಬೆಂಗಳೂರು ನಗರ ಜಿಲ್ಲೆಗಿಂತ ಸ್ವಲ್ಪ ಕಡಿಮೆ. ಇಲ್ಲಿ ಮೂಲನಿವಾಸಿಗಳು ಎನ್ನುವವರು ಯಾರೂ ಇರಲಿಲ್ಲ. ಅರಬ್ ನಾವಿಕರಿಗೆ ದ್ವೀಪದ ಪರಿಚಯವಿತ್ತು, ಪೋರ್ಚುಗೀಸರು ಬಂದು ಹೋಗಿದ್ದರು, ಆದರೆ ಯಾರೂ ಒಲೆ ಹೂಡಿರಲಿಲ್ಲ. 1598ರಲ್ಲಿ ಬಂದ ಡಚ್ಚರು ತಮ್ಮ ರಾಜಕುಮಾರ ಮಾರಿಸ್‌ನ ಹೆಸರನ್ನು ಇಟ್ಟರು, 1638ರಲ್ಲಿ ನೆಲೆ ನಿಂತರು, ಮರುವರ್ಷ ಜಾವಾದಿಂದ ಕಬ್ಬನ್ನು ತಂದು ನೆಟ್ಟರು, ಕರಿಮರದ ಕಾಡನ್ನು ಕಡಿದು ಸಾಗಿಸಿದರು, 1710ರಲ್ಲಿ ಬಿಟ್ಟು ಹೋದರು. ಅವರೊಂದಿಗೆ ಬಂದ ಇಲಿ, ಹಂದಿ, ಕೋತಿಗಳ ಕಾಟಕ್ಕೆ ಡೋಡೋ ಎಂಬ ಹಾರಲಾರದ ಹಕ್ಕಿ ಅಷ್ಟರೊಳಗೇ ನಿರ್ವಂಶವಾಗಿತ್ತು. ಡಚ್ಚರ ಕಾಲದಿಂದ ಇಂದಿಗೆ ಉಳಿದಿರುವುದು ದೇಶದ ಹೆಸರು, ಕಬ್ಬು ಮತ್ತು ಜಿಂಕೆ. ಆದ್ದರಿಂದ ಅಲ್ಲಿ ಹೆಚ್ಚು ನಿಲ್ಲುವುದು ಬೇಡ.

ಫ್ರೆಂಚರು 1715ರಲ್ಲಿ ದ್ವೀಪವನ್ನು ತಮ್ಮದೆಂದು ಘೋಷಿಸಿ 'ಇಲ್ ದ ಫ್ರಾನ್ಸ್' ಎಂದು ಕರೆದರು. 1735ರಲ್ಲಿ ಗವರ್ನರಾಗಿ ಬಂದ ಲಾ ಬೂರ್ದೊನೆ ಪೋರ್ಟ್ ಲೂಯಿಸನ್ನು ನಿಜವಾದ ಬಂದರನ್ನಾಗಿ ಮಾಡಿದ. ನಮ್ಮ ಪಠ್ಯಪುಸ್ತಕಗಳಲ್ಲಿ ಇವನು 1746ರಲ್ಲಿ ಇಂಗ್ಲಿಷರಿಂದ ಮದರಾಸನ್ನು ಕಿತ್ತುಕೊಂಡ ಸೇನಾನಿಯಾಗಿ ಒಂದು ವಾಕ್ಯದಲ್ಲಿ ಬಂದು ಹೋಗುತ್ತಾನೆ. ಆ ನೌಕಾಪಡೆ ಸಜ್ಜಾದದ್ದು ಈ ದ್ವೀಪದಲ್ಲೇ. ಪಾಂಡಿಚೇರಿಯ ಕಡೆಯ ತಮಿಳು ಗಾರೆಯವರು, ಬಡಗಿಗಳು ಅಲ್ಲಿಗೆ ಹೋದದ್ದು ಅವನ ಕಾಲದಲ್ಲಿ. ಆದರೆ ಕಲ್ಲು ಹೊತ್ತವರು, ರಸ್ತೆ ಕಡಿದವರು, ಹೊಲ ಉತ್ತವರು ಬಹುಮಟ್ಟಿಗೆ ಗುಲಾಮರು. ಅವರನ್ನು ಮಡಗಾಸ್ಕರಿನಿಂದ, ಮೊಜಾಂಬಿಕ್ ಕರಾವಳಿಯಿಂದ, ಸ್ವಲ್ಪ ಸಂಖ್ಯೆಯಲ್ಲಿ ಬಂಗಾಳ ಮತ್ತು ಮಲಬಾರಿನಿಂದಲೂ ಹಿಡಿದು ತರಲಾಗುತ್ತಿತ್ತು. 1723ರ ಕಾನೂನು ಗುಲಾಮನನ್ನು ಚರಾಸ್ತಿ ಎಂದೇ ಎಣಿಸಿತ್ತು. ಚರಾಸ್ತಿಗೆ ಸ್ಥಿರಾಸ್ತಿ ಇರುವುದು ಸಾಧ್ಯವಿಲ್ಲವಷ್ಟೆ. ನೆಲವನ್ನು ಫ್ರೆಂಚ್ ಈಸ್ಟ್ ಇಂಡಿಯಾ ಕಂಪನಿ ಬಿಳಿಯ ವಲಸಿಗರಿಗೆ ಹಂಚಿತು. ದ್ವೀಪದ ನೆಲಕ್ಕೆ ಮೊದಲ ಹಕ್ಕುಪತ್ರ ಹುಟ್ಟಿದ್ದು ಹೀಗೆ.

ಇಲ್ಲಿ ನಮ್ಮ ನಾಡಿನ ಚರಿತ್ರೆಗೂ ಈ ದ್ವೀಪಕ್ಕೂ ಇರುವ ಒಂದು ನಂಟನ್ನು ಹೇಳಬೇಕು. 1797ರಲ್ಲಿ ರಿಪೋ ಎಂಬ ಫ್ರೆಂಚ್ ನಾವಿಕನೊಬ್ಬ ತನ್ನ ಕೆಟ್ಟುಹೋದ ಹಡಗಿನೊಂದಿಗೆ ಮಂಗಳೂರಿಗೆ ಬಂದು, ಟಿಪ್ಪು ಸುಲ್ತಾನನ ಆಸ್ಥಾನ ಸೇರಿ, ಇಲ್ ದ ಫ್ರಾನ್ಸಿನಲ್ಲಿ ನಿಮಗಾಗಿ ದೊಡ್ಡ ಸೇನೆ ಕಾದಿದೆ ಎಂದು ನಂಬಿಸಿದ. ಟಿಪ್ಪು ಇಬ್ಬರು ರಾಯಭಾರಿಗಳನ್ನು ಗುಟ್ಟಾಗಿ ಕಳಿಸಿದ. ಅಲ್ಲಿ ಸೇನೆಯೂ ಇರಲಿಲ್ಲ, ಗುಟ್ಟೂ ಉಳಿಯಲಿಲ್ಲ. ಗವರ್ನರ್ ಮಲಾರ್ತಿಕ್ 1798ರ ಜನವರಿ 30ರಂದು, ಮೈಸೂರಿನ ಸುಲ್ತಾನನ ಪರವಾಗಿ ಇಂಗ್ಲಿಷರ ವಿರುದ್ಧ ಹೋರಾಡಲು ಸ್ವಯಂಸೇವಕರು ಬೇಕಾಗಿದ್ದಾರೆ ಎಂದು ಬಹಿರಂಗ ಪ್ರಕಟಣೆಯನ್ನೇ ಹೊರಡಿಸಿದ. ಏಪ್ರಿಲಿನಲ್ಲಿ ಮಂಗಳೂರಿಗೆ ಬಂದಿಳಿದವರು ಸುಮಾರು ನೂರು ಜನ. ಪ್ರಕಟಣೆಯ ಪ್ರತಿ ಮಾತ್ರ ಜೂನಿನ ಹೊತ್ತಿಗೆ ಕಲ್ಕತ್ತೆಯಲ್ಲಿ ಗವರ್ನರ್ ಜನರಲ್ ವೆಲ್ಲೆಸ್ಲಿಯ ಕೈಯಲ್ಲಿತ್ತು. ಯುದ್ಧಕ್ಕೆ ಅವನಿಗೆ ಬೇಕಾಗಿದ್ದ ನೆಪ ಸಿಕ್ಕಿತು, ಮರುವರ್ಷದ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಮಲಾರ್ತಿಕ್‌ನ ಬಳಿ ಪಡೆ ಏಕಿರಲಿಲ್ಲ ಎಂಬುದಕ್ಕೆ ಕಾರಣಗಳು ಹಲವು. ಅವುಗಳಲ್ಲೊಂದು ನಮ್ಮ ವಿಷಯಕ್ಕೆ ನೇರವಾಗಿ ಸೇರಿದ್ದು. ಪ್ಯಾರಿಸ್ಸಿನ ಕ್ರಾಂತಿಕಾರಿ ಸರ್ಕಾರ 1794ರಲ್ಲಿ ಗುಲಾಮಗಿರಿಯನ್ನು ರದ್ದು ಮಾಡಿತ್ತು. ಆ ಆಜ್ಞೆಯನ್ನು ಹೊತ್ತು 1796ರಲ್ಲಿ ಬಂದ ಇಬ್ಬರು ಪ್ರತಿನಿಧಿಗಳನ್ನು ದ್ವೀಪದ ತೋಟಗಾರರು ಹಡಗು ಹತ್ತಿಸಿ ಓಡಿಸಿದರು. ಅಲ್ಲಿಂದಾಚೆಗೆ ದ್ವೀಪ ಪ್ಯಾರಿಸ್ಸಿನ ಮಾತು ಕೇಳದ, ಪ್ಯಾರಿಸ್ಸಿನಿಂದ ಹೆಚ್ಚು ನೆರವೂ ಬಾರದ ಒಂದು ಅರೆಸ್ವತಂತ್ರ ತುಣುಕಾಗಿತ್ತು. ಸ್ವಾತಂತ್ರ್ಯ, ಸಮಾನತೆ ಎಂದು ಘೋಷಿಸಿದ ಗಣರಾಜ್ಯದ ಬಾವುಟದ ಅಡಿಯಲ್ಲೇ ಮನುಷ್ಯರ ಮಾರಾಟ ನಡೆಯುತ್ತಿದ್ದ ಊರಿನಲ್ಲಿ ಟಿಪ್ಪುವಿನ ರಾಯಭಾರಿಗಳು ನೆರವು ಕೇಳಿದ್ದರು.

1810ರ ಡಿಸೆಂಬರಿನಲ್ಲಿ ಬ್ರಿಟಿಷರು ದ್ವೀಪವನ್ನು ಗೆದ್ದರು. ಗೆದ್ದ ಪಡೆಯಲ್ಲಿ ಭಾರತದ ಸಿಪಾಯಿಗಳೂ ಇದ್ದರು. ಶರಣಾಗತಿಯ ಒಪ್ಪಂದ ಬಹಳ ಉದಾರವಾಗಿತ್ತು: ನಿವಾಸಿಗಳ ಆಸ್ತಿ, ಕಾನೂನು, ಧರ್ಮ, ನಡೆನುಡಿ ಇವು ಯಾವುದನ್ನೂ ಮುಟ್ಟುವುದಿಲ್ಲ ಎಂದು ಗೆದ್ದವರು ಮಾತು ಕೊಟ್ಟರು. ಮಾರಿಷಸ್ ಎಂಬ ಹಳೆಯ ಹೆಸರು ಮರಳಿ ಬಂತು, ಕಚೇರಿಗೆ ಇಂಗ್ಲಿಷ್ ಬಂತು. ಆದರೆ ತೋಟ, ಗುಲಾಮರು ಮತ್ತು ಫ್ರೆಂಚ್ ಮಾತು ಹಿಂದಿನ ಒಡೆಯರಲ್ಲೇ ಉಳಿದವು. ಇಂದಿಗೂ ಅಲ್ಲಿಯ ಸಿವಿಲ್ ಕಾನೂನಿನ ಬುಡ ಫ್ರೆಂಚರದ್ದು, ಪತ್ರಿಕೆಗಳು ಹೆಚ್ಚಾಗಿ ಫ್ರೆಂಚಿನಲ್ಲಿ, ಶಾಸನಸಭೆಯ ಅಧಿಕೃತ ಭಾಷೆ ಇಂಗ್ಲಿಷ್, ಬೀದಿಯ ಮಾತು ಫ್ರೆಂಚಿನಿಂದ ಹುಟ್ಟಿದ ಕ್ರಿಯೋಲ್ ಎಂಬ ಬೆರಕೆ ನುಡಿ. ಇದನ್ನು ಬಹುಸಂಸ್ಕೃತಿಯ ಸೊಗಸು ಎಂದು ಪ್ರವಾಸದ ಪುಸ್ತಿಕೆಗಳು ವರ್ಣಿಸುತ್ತವೆ. ನನಗೆ ಇದು 1810ರ ಒಪ್ಪಂದದ ಒಂದು ವಾಕ್ಯದಂತೆ ಕಾಣುತ್ತದೆ.

ಕಬ್ಬು ನಿಜವಾಗಿ ದ್ವೀಪವನ್ನು ನುಂಗಿದ್ದು 1825ರ ನಂತರ. ವೆಸ್ಟ್ ಇಂಡೀಸಿನ ಸಕ್ಕರೆಗೆ ಇದ್ದಷ್ಟೇ ಸುಂಕವನ್ನು ಮಾರಿಷಸ್ಸಿನ ಸಕ್ಕರೆಗೂ ಹಾಕಲು ಬ್ರಿಟನ್ ಆ ವರ್ಷ ಒಪ್ಪಿತು. ಅದುವರೆಗೆ ಬಂದರಿನ ವ್ಯಾಪಾರ, ಹಡಗು ದೋಚುವ ಪರವಾನಗಿ, ಅಷ್ಟಿಷ್ಟು ಸಾಂಬಾರ ಪದಾರ್ಥ ಎಂದು ಬದುಕಿದ್ದ ದ್ವೀಪ ಒಂದೇ ಬೆಳೆಗೆ ತಲೆಯೊಡ್ಡಿತು. ಮೂವತ್ತು ವರ್ಷಗಳಲ್ಲಿ ಅದು ಬ್ರಿಟಿಷ್ ವಸಾಹತುಗಳಲ್ಲೇ ಅತಿ ಹೆಚ್ಚು ಸಕ್ಕರೆ ತೆಗೆಯುವ ನೆಲವಾಯಿತು. ಚಂಡಮಾರುತ ಬೀಸಿದರೂ ಬುಡ ಬಿಡದೆ ಮತ್ತೆ ಚಿಗುರುವ ಬೆಳೆ ಕಬ್ಬು. ಆ ದ್ವೀಪದಲ್ಲಿ ಬೇರೆ ಬೆಳೆಗಳು ನಿಲ್ಲದಿರುವುದಕ್ಕೆ ಇದೂ ಒಂದು ಕಾರಣ.

ಈಗ 1835ರ ಲೆಕ್ಕಕ್ಕೆ ಬರೋಣ. ಬ್ರಿಟಿಷ್ ಸರ್ಕಾರ ಗುಲಾಮರನ್ನು ಬಿಡುಗಡೆ ಮಾಡಿತು ಮತ್ತು ಪರಿಹಾರವನ್ನೂ ಕೊಟ್ಟಿತು. ಪರಿಹಾರ ಹೋದದ್ದು ಒಡೆಯರಿಗೆ. ಅರವತ್ತು ಸಾವಿರಕ್ಕೂ ಹೆಚ್ಚು ಗುಲಾಮರ ಬಾಬ್ತು ಮಾರಿಷಸ್ಸಿನ ಒಡೆಯರಿಗೆ ಸಂದದ್ದು 20 ಲಕ್ಷ ಪೌಂಡಿಗೂ ಹೆಚ್ಚು. ಆ ಹಣ ದ್ವೀಪದ ಸಾಲಗಳನ್ನು ತೀರಿಸಿತು, ಹೊಸ ಗಿರಣಿಗಳನ್ನು ತಂದಿತು, ಕೂಲಿಗಳ ಹಡಗು ಚಾರ್ಜಿಗೂ ಒದಗಿತು. ಬಿಡುಗಡೆಯಾದವರಿಗೆ ಸಿಕ್ಕಿದ್ದು 'ಅಪ್ರೆಂಟಿಸ್' ಎಂಬ ಬಿರುದಿನಡಿ ಅದೇ ಒಡೆಯನ ಬಳಿ ಇನ್ನಷ್ಟು ವರ್ಷ ದುಡಿಯುವ ಬಾಧ್ಯತೆ. 1839ರಲ್ಲಿ ಅದು ಮುಗಿದಾಗ ಅವರಲ್ಲಿ ಬಹುಪಾಲು ಜನ ತೋಟಗಳನ್ನು ಬಿಟ್ಟು ಹೊರಟರು. ಗುಲಾಮರು ಸೋಮಾರಿಗಳು, ದುಡಿಯಲೊಲ್ಲದೆ ಹೋದರು ಎಂದು ತೋಟಗಾರರು ಬರೆದರು, ಆಮೇಲೆ ಚರಿತ್ರೆಕಾರರೂ ಬಹಳ ಕಾಲ ಅದನ್ನೇ ಬರೆದರು. ದಾಖಲೆಗಳು ಹೇಳುವುದು ಬೇರೆ. ಉಳಿಸಿದ ಕಾಸು ಕೂಡಿಸಿ ಅವರಲ್ಲಿ ಕೆಲವರು ತೋಟಗಳ ಅಂಚಿನ ತುಂಡು ಜಮೀನುಗಳನ್ನು ಕೊಂಡಿದ್ದಾರೆ, ತರಕಾರಿ ಬೆಳೆದಿದ್ದಾರೆ, ಮೀನು ಹಿಡಿದಿದ್ದಾರೆ. ಆದರೆ ಆ ತುಂಡುಗಳು ಹೆಚ್ಚು ಕಾಲ ಅವರ ಕೈಯಲ್ಲಿ ನಿಲ್ಲಲಿಲ್ಲ. ಸಾಲ ಕೊಡುವವರಿರಲಿಲ್ಲ, ಪತ್ರಗಳು ಓದಲಾಗದ ಭಾಷೆಯಲ್ಲಿದ್ದವು, ಸಕ್ಕರೆಯ ಬೆಲೆ ಏರಿದಂತೆ ಅಂಚಿನ ನೆಲಕ್ಕೂ ಕಣ್ಣು ಬಿತ್ತು.

ಇತ್ತ ಕೂಲಿಗಳ ಹಡಗುಗಳು ಬರುತ್ತಲೇ ಇದ್ದವು. ಗುಲಾಮಗಿರಿಯ ಜಾಗದಲ್ಲಿ 'ಸ್ವತಂತ್ರ' ದುಡಿಮೆ ನಿಲ್ಲಬಲ್ಲದೇ ಎಂದು ನೋಡುವುದಕ್ಕೆ ಬ್ರಿಟಿಷರು ಮಾರಿಷಸ್ಸನ್ನು ಪ್ರಯೋಗಶಾಲೆಯಾಗಿ ಬಳಸಿದರು. ಅಲ್ಲಿ ಫಲಿಸಿದ ವ್ಯವಸ್ಥೆ ಆಮೇಲೆ ಟ್ರಿನಿಡಾಡ್, ಗಯಾನಾ, ನೇಟಾಲ್, ಫಿಜಿಗಳಿಗೆ ಹೋಯಿತು. ಕಲ್ಕತ್ತೆ, ಮದರಾಸು, ಬೊಂಬಾಯಿ ಈ ಮೂರು ಬಂದರುಗಳಿಂದ ಇಪ್ಪತ್ತನೆಯ ಶತಮಾನದ ಆರಂಭದವರೆಗೆ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಜನ ಬಂದಿಳಿದರು. ಬಿಹಾರದ ಭೋಜಪುರಿ ಸೀಮೆಯವರೇ ಹೆಚ್ಚು. ತಮಿಳರು, ತೆಲುಗರು, ಕೊಂಕಣದ ಮರಾಠಿಗರೂ ಇದ್ದರು. 1861ರ ಜನಗಣತಿಯ ಹೊತ್ತಿಗೆ ದ್ವೀಪದ ಮೂರು ಲಕ್ಷ ಜನರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಭಾರತೀಯರು. ಒಂದು ತಲೆಮಾರಿನೊಳಗೆ ಒಂದು ನಾಡಿನ ಜನವೇ ಬದಲಾದ ಇಂಥ ಉದಾಹರಣೆಗಳು ಚರಿತ್ರೆಯಲ್ಲಿ ಕಡಿಮೆ.

ಬಂದವರು ಇಳಿಯುತ್ತಿದ್ದ ಜಾಗವನ್ನು ಜನ 'ಕೂಲಿ ಘಾಟ್' ಎನ್ನುತ್ತಿದ್ದರು, ಈಗ 'ಆಪ್ರವಾಸಿ ಘಾಟ್'. 1849ರಲ್ಲಿ ಕಟ್ಟಿದ ಈ ತಾಣದ ಹದಿನಾರು ಮೆಟ್ಟಿಲುಗಳನ್ನು ಹತ್ತಿ ಬಂದ ಪ್ರತಿಯೊಬ್ಬರಿಗೂ ಒಂದು ನಂಬರು ಸಿಗುತ್ತಿತ್ತು. ಗುಮಾಸ್ತ ಕಿವಿಗೆ ಬಿದ್ದಂತೆ ಹೆಸರು ಬರೆಯುತ್ತಿದ್ದ; ಮುಂದೆ ಅದೇ ಮಕ್ಕಳಿಗೆ ಮನೆತನದ ಹೆಸರಾಯಿತು. ಇಂದಿನ ಮಾರಿಷಸ್ಸಿನ ಹೆಸರುಗಳಲ್ಲಿ ರಾಮಗುಲಾಮ, ಜಗನ್ನಾಥ ಎಂಬುವು ಅಡ್ಡಹೆಸರುಗಳಾಗಿ ನಿಂತಿರುವುದರ ಗುಟ್ಟು ಇದು. ಕರಾರಿನಲ್ಲಿ ಐದು ವರ್ಷ ಎಂದಿರುತ್ತಿತ್ತು, ಸಂಬಳದ ಜೊತೆಗೆ ಅಕ್ಕಿ, ಬೇಳೆ, ಉಪ್ಪುಮೀನು ಎಂದಿರುತ್ತಿತ್ತು. ಕರಾರಿನಲ್ಲಿ ಎದ್ದು ಕಾಣದ ಆದರೆ ದಿನನಿತ್ಯ ಕಾಡಿದ ಪದ್ಧತಿ 'ಡಬಲ್ ಕಟ್': ಒಂದು ದಿನ ಕೆಲಸಕ್ಕೆ ಬರದಿದ್ದರೆ ಎರಡು ದಿನದ ಕೂಲಿ ಕಡಿತ. ಜ್ವರ ಬಂದು ಮಲಗಿದವನು ತಿಂಗಳ ಕೊನೆಗೆ ಒಡೆಯನಿಗೇ ಬಾಕಿದಾರನಾಗುವುದು ಹೀಗೆ. ಕರಾರು ಮುಗಿದವರನ್ನು 1867ರ ಕಾನೂನು ಬೇರೆ ರೀತಿಯಲ್ಲಿ ಕಟ್ಟಿಹಾಕಿತು. ಫೋಟೋ ಅಂಟಿಸಿದ ಪಾಸು ಸದಾ ಜೇಬಿನಲ್ಲಿರಬೇಕು, ಇಲ್ಲದಿದ್ದರೆ ಅಲೆಮಾರಿ ಎಂದು ಜೈಲು. ಜೈಲು ತಪ್ಪಿಸಿಕೊಳ್ಳುವ ಸುಲಭ ದಾರಿಯೆಂದರೆ ಮತ್ತೆ ಕರಾರಿಗೆ ಹೆಬ್ಬೆಟ್ಟು ಒತ್ತುವುದು. ಇದರ ವಿರುದ್ಧ 1871ರಲ್ಲಿ ಅಡಾಲ್ಫ್ ದ ಪ್ಲೆವಿಟ್ಜ್ ಎಂಬ ತೋಟಗಾರನೇ ಸಾವಿರಾರು ಹಳೆಯ ಕೂಲಿಗಳ ಪರವಾಗಿ ಮನವಿ ಬರೆದ. ತನ್ನವರಿಂದಲೇ ಬೀದಿಯಲ್ಲಿ ಹೊಡೆಸಿಕೊಂಡ. ಆ ಮನವಿಯಿಂದ ಬ್ರಿಟಿಷ್ ರಾಣಿಯ ಹೆಸರಿನಲ್ಲಿ ತನಿಖಾ ಆಯೋಗವೊಂದು ಬಂತು, ಅದರ ವರದಿ ಬಂತು, ಕಾನೂನು ಕೊಂಚ ಸಡಿಲವಾಯಿತು.

ತೋಟದ ಹೊರಗಿನ ಬದುಕಿನ ಬಗ್ಗೆಯೂ ಎರಡು ಮಾತು ಹೇಳಬೇಕು, ಏಕೆಂದರೆ ಆರ್ಥಿಕ ಚರಿತ್ರೆ ಎಂದರೆ ಸಕ್ಕರೆಯ ಟನ್ನುಗಳಷ್ಟೇ ಅಲ್ಲ. ದ್ವೀಪ ಬೆಳೆದದ್ದು ಸಕ್ಕರೆ, ಉಂಡದ್ದು ಭಾರತದ ಅಕ್ಕಿ. ಆ ಅಕ್ಕಿಯ ಸಗಟು ವ್ಯಾಪಾರ ಪೋರ್ಟ್ ಲೂಯಿಸಿನ ಗುಜರಾತಿ ಮುಸ್ಲಿಂ ಸಾಹುಕಾರರ ಕೈಯಲ್ಲಿತ್ತು. ಹಳ್ಳಿಯಲ್ಲಿ ಅದನ್ನು ಚಿಲ್ಲರೆಯಾಗಿ ಮಾರಿದವರು ಚೀನಾದಿಂದ ಬಂದ ಅಂಗಡಿಯವರು. ಕಬ್ಬಿನ ಕಟಾವು ಇಲ್ಲದ ತಿಂಗಳುಗಳಲ್ಲಿ ಕೂಲಿಗೆ ಕೆಲಸ ಕಡಿಮೆ, ಹೊಟ್ಟೆ ಅಷ್ಟೇ. ಆಗ ಚೀನಾದವನ ಅಂಗಡಿಯ ಉದ್ರಿ ಪುಸ್ತಕವೇ ಗತಿ. ಕೂಲಿಗಳು ನಂಬುತ್ತಿದ್ದ ನಾಣ್ಯ ರೂಪಾಯಿ ಆದ್ದರಿಂದ 1870ರ ದಶಕದಲ್ಲಿ ಸರ್ಕಾರ ರೂಪಾಯಿಯನ್ನೇ ಅಧಿಕೃತ ನಾಣ್ಯ ಮಾಡಿತು. ಇಂದಿಗೂ ಅಲ್ಲಿ ರೂಪಾಯಿಯೇ. ಬೀದಿಯಲ್ಲಿ ಮಾರುವ 'ಧೋಲ್ ಪುರಿ' ನಮ್ಮ ಬೇಳೆ ಹೋಳಿಗೆಯ ಬೆಲ್ಲವಿಲ್ಲದ ತಮ್ಮ, 'ಗಾಟೊ ಪಿಮಾ' ಎಂದರೆ ಮೆಣಸಿನಕಾಯಿ ಹಾಕಿದ ಬೇಳೆ ವಡೆ. ಅದನ್ನು ಬೆಣ್ಣೆ ಸವರಿದ ಫ್ರೆಂಚ್ ಬ್ರೆಡ್ಡಿನೊಳಗೆ ಇಟ್ಟು ತಿನ್ನುತ್ತಾರೆ. ಗುಲಾಮರ ಬಿಡಾರಗಳಲ್ಲಿ ಹುಟ್ಟಿದ ಕ್ರಿಯೋಲ್ ಮಾತು ಎಲ್ಲರ ಮನೆಮಾತಾಯಿತು. ಭೋಜಪುರಿ ಒಂದು ಕಾಲದಲ್ಲಿ ಹಳ್ಳಿಗಳಲ್ಲಿ ತಮಿಳರೂ ತೆಲುಗರೂ ಆಡುತ್ತಿದ್ದ ಮಾತು, ಈಗ ಕುಗ್ಗುತ್ತಿದೆ. ಶಾಲೆಗಳಲ್ಲಿ 'ಪೂರ್ವಜರ ಭಾಷೆ' ಎಂದು ಹಿಂದಿ, ಉರ್ದು, ತಮಿಳು, ತೆಲುಗು, ಮರಾಠಿ ಕಲಿಸುತ್ತಾರೆ; ಎಲ್ಲರೂ ಆಡುವ ಕ್ರಿಯೋಲಿಗೆ ಪ್ರಾಥಮಿಕ ಶಾಲೆಯ ಬಾಗಿಲು ತೆರೆದದ್ದು 2012ರಲ್ಲಿ ಮಾತ್ರ.

ನೆಲದ ಕಥೆಯ ದೊಡ್ಡ ತಿರುವು 1870ರ ನಂತರದ್ದು. ಅದಕ್ಕೆ ಮೊದಲು 1866ರಿಂದ 68ರವರೆಗೆ ಮಲೇರಿಯಾ ಸುಮಾರು ಐವತ್ತು ಸಾವಿರ ಜನರನ್ನು ಬಲಿ ತೆಗೆದುಕೊಂಡಿತ್ತು. ಅನುಕೂಲಸ್ಥರು ಬಂದರನ್ನು ಬಿಟ್ಟು ಕ್ಯೂರ್‌ಪಿಪ್ ಮೊದಲಾದ ಎತ್ತರದ ಊರುಗಳಿಗೆ ಏರಿದರು. ಯುರೋಪಿನಲ್ಲಿ ಬೀಟ್‌ರೂಟ್ ಸಕ್ಕರೆ ಬಂದು ಬೆಲೆ ಕುಸಿಯಿತು. ಸಾಲದಲ್ಲಿ ಬಿದ್ದ ತೋಟಗಾರರು ಕಲ್ಲು ನೆಲ, ದೂರದ ನೆಲ, ಮಳೆ ಕಡಿಮೆಯ ನೆಲಗಳನ್ನು ತುಂಡು ಮಾಡಿ ಮಾರತೊಡಗಿದರು. ಇದಕ್ಕೆ 'ಗ್ರಾಂ ಮೋರ್ಸೆಲ್ಮಾಂ', ದೊಡ್ಡ ತುಂಡರಿಕೆ ಎಂದು ಹೆಸರು. ಕೊಂಡವರು ಹಳೆಯ ಕೂಲಿಗಳು, ಅದರಲ್ಲೂ 'ಸಿರ್ದಾರ್' ಎನ್ನುವ ಮೇಸ್ತ್ರಿಗಳು. ಮೇಸ್ತ್ರಿಗೆ ತೋಟದ ದೊರೆಯ ಪರಿಚಯವಿತ್ತು, ತನ್ನ ತಂಡದವರಿಗೆ ಸಾಲ ಕೊಡುವ ಶಕ್ತಿಯಿತ್ತು, ಪತ್ರ ಮಾಡಿಸುವ ಜಾಣತನವೂ ಇತ್ತು. ದೊಡ್ಡ ತುಂಡನ್ನು ತಾನು ಕೊಂಡು, ಚಿಕ್ಕದಾಗಿ ಒಡೆದು ತನ್ನವರಿಗೆ ಮಾರಿದ. ಅಲ್ಲಿ ಹಳ್ಳಿಗಳು ಎದ್ದವು, ಗುಡಿಗಳು ಎದ್ದವು, ಸಂಜೆ ಹೊತ್ತು ಅಕ್ಷರ ಕಲಿಸುವ 'ಬೈಠಕಾ'ಗಳು ಎದ್ದವು. ಇದನ್ನು ಭಾರತೀಯರ ದುಡಿಮೆ ಮತ್ತು ಮಿತವ್ಯಯದ ಫಲ ಎಂದಷ್ಟೇ ಹೇಳುವ ರೂಢಿಯಿದೆ. ದುಡಿಮೆ ನಿಜ. ಆದರೆ ಗುಲಾಮರ ಮಕ್ಕಳು ನೆಲ ಕೊಳ್ಳಲು ಹೊರಟ 1840ರ ಹೊತ್ತಿಗೆ ಸಕ್ಕರೆ ಬೆಳೆಯುತ್ತಿತ್ತು, ಒಡೆಯ ನೆಲವನ್ನು ಬಿಗಿ ಹಿಡಿದಿದ್ದ. ಕೂಲಿಗಳ ಮಕ್ಕಳು ಹೊರಟ ಹೊತ್ತಿಗೆ ಬೆಲೆ ಬಿದ್ದು ಒಡೆಯನೇ ಗಿರಾಕಿ ಹುಡುಕುತ್ತಿದ್ದ. ಕಾಲದ ಈ ವ್ಯತ್ಯಾಸವನ್ನು ಗುಣದ ವ್ಯತ್ಯಾಸ ಎಂದು ಓದುವುದು ಆ ದ್ವೀಪದ ಹಳೆಯ ಕಾಯಿಲೆ.

ಒಡೆಯರು ನೆಲದ ಅಂಚನ್ನು ಮಾರಿದರು, ಗಿರಣಿಯನ್ನು ಮಾರಲಿಲ್ಲ. 1860ರ ದಶಕದಲ್ಲಿ ಇನ್ನೂರಕ್ಕೂ ಹೆಚ್ಚಿದ್ದ ಗಿರಣಿಗಳು ಒಂದರೊಳಗೊಂದು ಸೇರಿ ಕಡಿಮೆಯಾಗುತ್ತಾ ಬಂದು, ಉಳಿದವು ಇನ್ನಷ್ಟು ದೊಡ್ಡವಾದವು. ಸಣ್ಣ ಬೆಳೆಗಾರ ತನ್ನ ಕಬ್ಬನ್ನು ಅದೇ ಒಡೆಯನ ಗಿರಣಿಗೆ ಒಯ್ಯಬೇಕು, ತೂಕ ಅವರದ್ದೇ, ಬೆಲೆ ಅವರದ್ದೇ. ಕಬ್ಬಿನ ಬಾಕಿಗಾಗಿ ಕಾರ್ಖಾನೆಯ ಗೇಟಿನ ಮುಂದೆ ಕೂತು ಅನುಭವವಿರುವ ನಮ್ಮ ಮಂಡ್ಯ, ಬೆಳಗಾವಿಯ ರೈತರಿಗೆ 1937ರ ಮಾರಿಷಸ್ಸನ್ನು ವಿವರಿಸಿ ಹೇಳಬೇಕಾಗಿಲ್ಲ. ಸಣ್ಣ ಬೆಳೆಗಾರರು ಹೆಚ್ಚಾಗಿ ಬೆಳೆಯುತ್ತಿದ್ದ 'ಉಬಾ' ತಳಿಯ ಕಬ್ಬಿಗೆ ಗಿರಣಿಗಳು ಆ ವರ್ಷ ಬೆಲೆ ಇಳಿಸಿದವು. ಬೆಳೆಗಾರರೂ ಕೂಲಿಗಳೂ ಒಟ್ಟಾಗಿ ಬೀದಿಗಿಳಿದರು; ಯೂನಿಯನ್ ಫ್ಲಾಕ್ ಎಂಬಲ್ಲಿ ಗುಂಡು ಹಾರಿ ಜನ ಸತ್ತರು. ಹಿಂದಿನ ವರ್ಷವಷ್ಟೇ ಡಾಕ್ಟರ್ ಮೋರಿಸ್ ಕ್ಯೂರೆ ಲೇಬರ್ ಪಕ್ಷವನ್ನು ಕಟ್ಟಿದ್ದರು. 1943ರಲ್ಲಿ ಬೆಲ್ ವ್ಯೂ ಹರೆಲ್ ತೋಟದಲ್ಲಿ ಮತ್ತೆ ಗುಂಡು ಹಾರಿತು. ಸತ್ತ ನಾಲ್ವರಲ್ಲಿ ಅಂಜಲೈ ಕೂಪೆನ್ ಎಂಬ ಗರ್ಭಿಣಿ ಇದ್ದಳು. ಇಂದು ಅವಳ ಹೆಸರಿನ ಕ್ರೀಡಾಂಗಣವಿದೆ.

ಮತದ ಹಕ್ಕು ಅಕ್ಷರದ ಬೆನ್ನು ಹತ್ತಿ ಬಂತು. 1947ರ ಸಂವಿಧಾನ ತನ್ನ ಭಾಷೆಯಲ್ಲಿ ಸರಳವಾಗಿ ಓದಿ ಬರೆಯಬಲ್ಲವರಿಗೆ ಮತ ಎಂದಿತು. ಬಾಸ್ದೇವ್ ಬಿಸುಂದಯಾಲ್ ಮತ್ತು ಅವರ ಸ್ವಯಂಸೇವಕರು ಊರೂರು ತಿರುಗಿ ಬೈಠಕಾಗಳಲ್ಲಿ ಕೂಲಿಗಳಿಗೆ ಓದುಬರಹ ಕಲಿಸಿದರು. ಸುಮಾರು 12 ಸಾವಿರ ಇದ್ದ ಮತದಾರರ ಸಂಖ್ಯೆ 1948ರ ಚುನಾವಣೆಗೆ 72 ಸಾವಿರಕ್ಕೆ ಏರಿತು. ಹೆಬ್ಬೆಟ್ಟು ಒತ್ತಿಸಿಕೊಂಡು ಬಂದವರ ಮೊಮ್ಮಕ್ಕಳು ಸಹಿ ಹಾಕಿ ಶಾಸನಸಭೆಗೆ ಜನರನ್ನು ಕಳಿಸಿದರು.

ಆದರೆ ಇದು ಎಲ್ಲರಿಗೂ ಸಂತೋಷದ ಸುದ್ದಿಯಾಗಿರಲಿಲ್ಲ. ಡಿಡಿಟಿ ಸಿಂಪಡಿಸಿ ಮಲೇರಿಯಾವನ್ನು ಓಡಿಸಿದ ಮೇಲೆ ಜನಸಂಖ್ಯೆ 1944ರ 4.2 ಲಕ್ಷದಿಂದ 1962ಕ್ಕೆ 6.8 ಲಕ್ಷಕ್ಕೆ ಜಿಗಿದಿತ್ತು. ರಫ್ತೆಂದರೆ ಸಕ್ಕರೆಯೊಂದೇ. ಅರ್ಥಶಾಸ್ತ್ರಜ್ಞ ಜೇಮ್ಸ್ ಮೀಡ್ 1961ರ ವರದಿಯಲ್ಲಿ ಕಠಿಣ ಭವಿಷ್ಯವನ್ನು ಕಂಡರು. ಅವರ ನಿರಾಶೆಯನ್ನು ಎಲ್ಲರೂ ಉಲ್ಲೇಖಿಸಿ ನಗುತ್ತಾರೆ. ದುಡಿಯುವ ಕೈಗಳು ಹೆಚ್ಚು ಬೇಕಾಗುವ ಕೈಗಾರಿಕೆ, ಕುಟುಂಬ ಯೋಜನೆ ಎಂದು ಅವರು ಸೂಚಿಸಿದ್ದ ದಾರಿಯನ್ನೇ ದೇಶ ಮುಂದೆ ಹಿಡಿಯಿತು ಎಂಬುದನ್ನು ಹೇಳುವವರು ಕಡಿಮೆ. ಸ್ವಾತಂತ್ರ್ಯ ಬಂದರೆ ಹಿಂದೂ ಬಹುಮತದ ಆಳ್ವಿಕೆ ಬರುತ್ತದೆ ಎಂಬ ಭಯದಿಂದ 1967ರ ಚುನಾವಣೆಯಲ್ಲಿ ಶೇಕಡಾ 40ಕ್ಕೂ ಹೆಚ್ಚು ಮತಗಳು ಸ್ವಾತಂತ್ರ್ಯದ ವಿರುದ್ಧ ಬಿದ್ದವು. 1968ರ ಜನವರಿಯಲ್ಲಿ ಪೋರ್ಟ್ ಲೂಯಿಸಿನಲ್ಲಿ ಗಲಭೆಯಾಯಿತು. ಬ್ರಿಟಿಷ್ ಸೈನಿಕರು ಕಾವಲಿದ್ದ ಹೊತ್ತಿನಲ್ಲೇ ಮಾರ್ಚ್ 12ರಂದು ಸೀವೂಸಾಗರ್ ರಾಮಗುಲಾಮ್ ಪ್ರಧಾನಿಯಾಗಿ ಹೊಸ ಬಾವುಟ ಏರಿತು.

ಸಂವಿಧಾನ ಜನರನ್ನು ಹಿಂದೂ, ಮುಸ್ಲಿಂ, ಚೀನೀ ಮೂಲದವರು ಎಂದು ಮೂರಾಗಿ ಗುರುತಿಸಿ, ಉಳಿದವರೆಲ್ಲರನ್ನೂ 'ಸಾಮಾನ್ಯ ಜನತೆ' ಎಂಬ ನಾಲ್ಕನೆಯ ಗುಂಪಿಗೆ ಸೇರಿಸಿತು. ಉಳಿದವರು ಎಂದರೆ ಯಾರು? ತೋಟಗಳ ಬಿಳಿಯ ಒಡೆಯರ ವಂಶದವರು ಮತ್ತು ಅವರ ಪೂರ್ವಜರು ಕೊಂಡು ತಂದಿದ್ದ ಗುಲಾಮರ ವಂಶದವರು. ಒಂದೇ ಕಾಲಮ್ಮಿನಲ್ಲಿ ಇಬ್ಬರೂ. ಅಧಿಕಾರ ಹಂಚುವ ಲೆಕ್ಕದಲ್ಲಿ ಗುಲಾಮರ ವಂಶದ ಈ ಕ್ರಿಯೋಲರು ಹೀಗೆ ಒಡೆಯರ ಅಂಕಿಯೊಳಗೆ ಕರಗಿಹೋದರು.

ಸ್ವತಂತ್ರ ಮಾರಿಷಸ್ಸಿನ 'ಪವಾಡ' ನಿಂತಿರುವುದು ಎಲ್ಲೂ ಬರೆದಿಡದ ಒಂದು ಕರಾರಿನ ಮೇಲೆ ಎಂಬುದು ನನ್ನ ತಿಳುವಳಿಕೆ. ಸರ್ಕಾರ ಬಹುಸಂಖ್ಯಾತರ ಕೈಗೆ ಬಂತು. ತೋಟ, ಗಿರಣಿ, ಬ್ಯಾಂಕು ಬಹುಮಟ್ಟಿಗೆ ಹಳೆಯ ಮನೆತನಗಳಲ್ಲೇ ಉಳಿದವು. ಬೇರೆ ಹಲವು ಹೊಸ ದೇಶಗಳಂತೆ ತೋಟಗಳನ್ನು ರಾಷ್ಟ್ರೀಕರಣ ಮಾಡಲಿಲ್ಲ, ಬದಲಿಗೆ ರಫ್ತು ಸಕ್ಕರೆಯ ಮೇಲೆ ತೆರಿಗೆ ಹಾಕಿ ಆ ಹಣದಿಂದ ಉಚಿತ ಆಸ್ಪತ್ರೆ, ಶಾಲೆ, ಪಿಂಚಣಿಗಳನ್ನು ನಡೆಸಿತು. 1975ರ ಲೋಮೆ ಒಪ್ಪಂದದಿಂದ ವರ್ಷಕ್ಕೆ ಸುಮಾರು 5 ಲಕ್ಷ ಟನ್ ಸಕ್ಕರೆಯನ್ನು ಯುರೋಪು ನಿಗದಿತ ಬೆಲೆಗೆ ಕೊಳ್ಳತೊಡಗಿತು. ಆ ಬೆಲೆ ಎಷ್ಟೋ ವರ್ಷ ಮಾರುಕಟ್ಟೆ ಬೆಲೆಗಿಂತ ಹೆಚ್ಚಿತ್ತು. ಆ ಲಾಭದ ಒಂದು ಪಾಲು, 1970ರ ಕಾನೂನಿನಡಿ ತೆರೆದ ರಫ್ತು ವಲಯದ ಬಟ್ಟೆ ಕಾರ್ಖಾನೆಗಳಿಗೆ ಬಂಡವಾಳವಾಯಿತು. ಹಾಂಗ್‌ಕಾಂಗಿನ ವ್ಯಾಪಾರಿಗಳೂ ಬಂದರು. ಆ ಕಾರ್ಖಾನೆಗಳ ಯಂತ್ರಗಳ ಮುಂದೆ ಕೂತವರು ಹೆಚ್ಚಾಗಿ ಹೆಂಗಸರು. ಹಳ್ಳಿಯ ಮನೆಯಿಂದ ಮೊದಲ ಬಾರಿಗೆ ಸಂಬಳಕ್ಕೆ ಹೊರಟ ಈ ಹೆಣ್ಣುಮಕ್ಕಳಿಗೆ ಗಂಡಸರಿಗಿಂತ ಕಡಿಮೆ ಕೂಲಿ ಕೊಡಲು ಕಾನೂನಿನಲ್ಲೇ ಅವಕಾಶವಿತ್ತು. ಪವಾಡ ಎನ್ನುವವರು ಆ ಸಂಬಳದ ಚೀಟಿಗಳನ್ನೂ ಒಮ್ಮೆ ನೋಡಬೇಕು.

ಈ ಆಸರೆಗಳೂ ಹೋದವು. ಇಂಥ ಸಣ್ಣ ದೇಶಗಳ ಬಟ್ಟೆಗೆ ಶ್ರೀಮಂತ ದೇಶಗಳ ಮಾರುಕಟ್ಟೆಯಲ್ಲಿ ಜಾಗ ಉಳಿಸಿದ್ದ ಜವಳಿ ಕೋಟಾ 2005ರಲ್ಲಿ ಮುಗಿಯಿತು. 2006ರಿಂದ ಯುರೋಪು ಸಕ್ಕರೆಯ ಬೆಲೆಯನ್ನು ಶೇಕಡಾ 36ರಷ್ಟು ಇಳಿಸಿತು. ಈಗ ದ್ವೀಪದಲ್ಲಿ ಉಳಿದಿರುವ ಸಕ್ಕರೆ ಗಿರಣಿಗಳು ಮೂರು. ನೆಲ ಮಾತ್ರ ನಷ್ಟವಾಗಲಿಲ್ಲ. 2002ರ ನಂತರದ ಯೋಜನೆಗಳ ಪ್ರಕಾರ ವಿದೇಶೀಯರು ಸಮುದ್ರದ ಬದಿಯಲ್ಲಿ ವಿಲ್ಲಾ ಕೊಳ್ಳಬಹುದು, ಮತ್ತು ಅವು ಎದ್ದಿರುವುದು ಬಹಳ ಕಡೆ ಹಳೆಯ ಕಬ್ಬಿನ ಗದ್ದೆಗಳಲ್ಲಿ. ಫ್ರೆಂಚರ ಕಾಲದಿಂದ ಕರಾವಳಿಯ ಉದ್ದಕ್ಕೂ ಸುಮಾರು 81 ಮೀಟರ್ ಅಗಲದ ಪಟ್ಟಿ ಸರ್ಕಾರದ್ದೆಂಬ ನಿಯಮವಿದೆ, ಅದನ್ನು ಸರ್ಕಾರ ಹೋಟೆಲುಗಳಿಗೂ ಬಂಗಲೆಗಳಿಗೂ ಗುತ್ತಿಗೆ ಕೊಡುತ್ತದೆ. ಭಾನುವಾರ ಅಡುಗೆ ಪಾತ್ರೆ, ರಾವಾನ್ ಎಂಬ ಮೇಕೆ ಚರ್ಮದ ವಾದ್ಯ ಹಿಡಿದು ಸೇಗಾ ಹಾಡಲು ಬರುವ ಸಂಸಾರಗಳಿಗೆ ಉಳಿಯುವುದು ನಡುವಿನ ಸಾರ್ವಜನಿಕ ತುಂಡುಗಳು.

ಕ್ರಿಯೋಲರ ಅಸಮಾಧಾನಕ್ಕೆ 1990ರ ದಶಕದಲ್ಲಿ 'ಕ್ರಿಯೋಲ್ ಸಂಕಟ' ಎಂಬ ಹೆಸರು ಬಂತು. 1999ರ ಫೆಬ್ರವರಿಯಲ್ಲಿ, ಸೇಗಾ ಮತ್ತು ರೆಗ್ಗೆ ಬೆರೆಸಿ ಹಾಡುತ್ತಿದ್ದ ಕಾಯಾ ಎಂಬ ಗಾಯಕ ಪೊಲೀಸ್ ವಶದಲ್ಲಿ ಸತ್ತಾಗ ಅದು ದಿನಗಟ್ಟಲೆ ದಂಗೆಯಾಗಿ ಸಿಡಿಯಿತು. ಹತ್ತು ವರ್ಷಗಳ ಬಳಿಕ ಸರ್ಕಾರ ಗುಲಾಮಗಿರಿ ಮತ್ತು ಕರಾರು ಕೂಲಿಯ ಪರಿಣಾಮಗಳನ್ನು ತಿಳಿಯಲು ಸತ್ಯ ಮತ್ತು ನ್ಯಾಯ ಆಯೋಗವನ್ನು ನೇಮಿಸಿತು. ಆಯೋಗದ ಮುಂದೆ ಬಂದ ದೂರುಗಳಲ್ಲಿ ನೆಲ ಕಳೆದುಕೊಂಡವರದ್ದೇ ನೂರಾರು: ಅಜ್ಜ ಕೊಂಡಿದ್ದ ತುಂಡು ಪಕ್ಕದ ತೋಟದ ಸರ್ವೆಯಲ್ಲಿ ಸೇರಿಹೋಗಿದೆ, ಪತ್ರ ಇದೆ ಆದರೆ ಮೂವತ್ತು ವರ್ಷದ ಅನುಭೋಗದಿಂದ ಅವರದ್ದಾಗಿದೆ, ಹೀಗೆ. 2011ರಲ್ಲಿ ವರದಿ ಬಂತು.

ಇನ್ನೂ ದೂರದ ನೆಲವೊಂದಿದೆ. ಸ್ವಾತಂತ್ರ್ಯಕ್ಕೆ ಮೊದಲೇ, 1965ರಲ್ಲಿ, ಬ್ರಿಟನ್ ಚಾಗೋಸ್ ದ್ವೀಪಗಳನ್ನು ಮಾರಿಷಸ್ಸಿನಿಂದ ಬೇರ್ಪಡಿಸಿ ಡಿಯೆಗೊ ಗಾರ್ಸಿಯಾವನ್ನು ಅಮೆರಿಕದ ಸೇನಾ ನೆಲೆಗೆ ಕೊಟ್ಟಿತು. ಕೊಬ್ಬರಿ ತೋಟಗಳಲ್ಲಿ ದುಡಿಯುತ್ತಿದ್ದ ಅಲ್ಲಿಯ ಜನ, ಬಹುಪಾಲು ಗುಲಾಮರ ವಂಶಜರು, 1973ರ ಹೊತ್ತಿಗೆ ಪೂರ್ತಿ ಎತ್ತಂಗಡಿಯಾದರು, ಅವರಲ್ಲಿ ಹೆಚ್ಚಿನವರು ಪೋರ್ಟ್ ಲೂಯಿಸಿನ ಕೊಳೆಗೇರಿಗಳಿಗೆ ಬಂದು ಬಿದ್ದರು. ಈ ಬೇರ್ಪಡಿಕೆ ಕಾನೂನುಬದ್ಧವಾಗಿರಲಿಲ್ಲ ಎಂದು ಅಂತರರಾಷ್ಟ್ರೀಯ ನ್ಯಾಯಾಲಯ 2019ರಲ್ಲಿ ಅಭಿಪ್ರಾಯಪಟ್ಟಿತು. ದ್ವೀಪಗಳನ್ನು ಹಿಂದಿರುಗಿಸುವ ಒಪ್ಪಂದಕ್ಕೆ 2025ರ ಮೇ ತಿಂಗಳಲ್ಲಿ ಸಹಿ ಬಿತ್ತು, ಸೇನಾ ನೆಲೆ ಅಲ್ಲೇ ಉಳಿಯುವ ಷರತ್ತಿನೊಂದಿಗೆ.

ಪೋರ್ಟ್ ಲೂಯಿಸಿನಲ್ಲಿ ಆಪ್ರವಾಸಿ ಘಾಟಿನ ಪಕ್ಕದಲ್ಲೇ ಲಾ ಬೂರ್ದೊನೆಯ ಕಾಲದ ಹಳೆಯ ಸೇನಾ ಆಸ್ಪತ್ರೆಯ ಕಟ್ಟಡವಿದೆ. 2023ರಲ್ಲಿ ಅಲ್ಲಿ ಗುಲಾಮಗಿರಿಯ ವಸ್ತುಸಂಗ್ರಹಾಲಯ ತೆರೆಯಿತು. ಘಾಟ್ 2006ರಲ್ಲೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತ್ತು. ಓಡಿಹೋದ ಗುಲಾಮರು ಅಡಗುತ್ತಿದ್ದ ಲ ಮೋರ್ನ್ ಬೆಟ್ಟ ಅದಕ್ಕೆ ಸೇರಿದ್ದು ಎರಡು ವರ್ಷ ತಡವಾಗಿ. ಕೂಲಿಗಳ ವಂಶದವರು ಮುತ್ತಜ್ಜನ ನಂಬರನ್ನು ಹಿಡಿದು ಮೋಕಾ ಊರಿನ ಮಹಾತ್ಮ ಗಾಂಧಿ ಸಂಸ್ಥೆಗೆ ಹೋದರೆ, ಅಲ್ಲಿರುವ ದಾಖಲೆಯಲ್ಲಿ ಹಡಗಿನ ಹೆಸರು, ಜಿಲ್ಲೆ, ಎಷ್ಟೋ ಸಲ ಹಳ್ಳಿಯ ಹೆಸರು, 1860ರ ದಶಕದ ನಂತರ ಬಂದವನಾಗಿದ್ದರೆ ಅವನ ಮುಖವೂ ಸಿಗುತ್ತದೆ. ಅವನನ್ನು ಹಿಡಿದಿಡಲೆಂದು ತೆಗೆದ ಫೋಟೋ ಮರಿಮಗಳ ಮನೆಯ ಗೋಡೆಗೆ ಬರುತ್ತದೆ. ಗುಲಾಮರ ವಂಶದವರು ಹುಡುಕಬೇಕಾದ್ದು ಒಡೆಯರು ಸಲ್ಲಿಸಿದ ರಿಜಿಸ್ಟರುಗಳಲ್ಲಿ. ಅವುಗಳಲ್ಲಿ ಒಡೆಯ ಇಟ್ಟ ಹೆಸರಿದೆ, ವಯಸ್ಸಿದೆ, ಮಾಡುತ್ತಿದ್ದ ಕೆಲಸವಿದೆ. ಊರು ಎಂಬಲ್ಲಿ 'ಮೊಜಾಂಬಿಕ್' ಎಂದೋ 'ಮಲಗಾಸಿ' ಎಂದೋ ಒಂದು ಪದವಷ್ಟೇ ಇದೆ.